ಎಚ್.ಐ.ವಿ. ಚಿಕಿತ್ಸೆಯ ಬೆಲೆ ಮತ್ತು ವೆಚ್ಚ

ಬೆಲೆಯೂ ವೆಚ್ಚವೂ ಒಂದೇ ಅಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ವಸ್ತುವಿಗಾಗಿ ತೆರುವ ಹಣ ಬೆಲೆ. ಅದನ್ನು ಪಡೆಯಲು ವ್ಯಯವಾಗುವ ಹಣ, ಹೊತ್ತು, ನೆಮ್ಮದಿಗಳೆಲ್ಲ ಸೇರಿ ವೆಚ್ಚ. ಎಚ್.ಐ.ವಿ. ಸೋಂಕಿತರ ಚಿಕಿತ್ಸೆಯನ್ನು ಈ ಭೇದದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬೆಲೆಯ ವಿಚಾರ. ಭಾರತದಲ್ಲಿ ಈ ಸೋಂಕು 1986ರಲ್ಲಿ ಮದರಾಸಿನಲ್ಲಿ ಮೊದಲು ಪತ್ತೆಯಾಯಿತು. ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ 1996ರ ಸುಮಾರಿಗೆ ಬಳಕೆಗೆ ಬಂದಿತಾದರೂ, ಅದಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ 10,000 ಡಾಲರಿಗೂ ಮಿಕ್ಕ ಬೆಲೆಯಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು ಅಂಥದೇ ಔಷಧಗಳನ್ನು ಅಂತರರಾಷ್ಟ್ರೀಯ ವೈದ್ಯಕೀಯ ಸೇವಾಸಂಸ್ಥೆಯೊಂದಕ್ಕೆ ವರ್ಷಕ್ಕೆ 350 ಡಾಲರಿನಂತೆ ಒದಗಿಸಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರಕಾರವು ಆಯ್ದ ಆಸ್ಪತ್ರೆಗಳಲ್ಲಿ ಔಷಧವನ್ನು ಉಚಿತವಾಗಿ ಕೊಡತೊಡಗಿತು, ಮುಂಬಯಿಯ ಜೆ.ಜೆ. ಆಸ್ಪತ್ರೆ ಅವುಗಳಲ್ಲೊಂದು. ಆಗ ದೇಹದ ರೋಗನಿರೋಧಕ ಶಕ್ತಿ ಬಹಳ ಕುಗ್ಗಿದವರಿಗೆ ಮಾತ್ರ ಸಿಗುತ್ತಿದ್ದ ಈ ಸೌಲಭ್ಯ 2017ರಿಂದ ಸೋಂಕಿತರೆಲ್ಲರಿಗೂ ದೊರೆತಿದೆ. ಹೀಗೆ ಬೆಲೆ ಶೂನ್ಯಕ್ಕಿಳಿಯಿತು.

ಆದರೆ ವೆಚ್ಚ ಶೂನ್ಯಕ್ಕಿಳಿಯಲಿಲ್ಲ. ಈ ಔಷಧ ರೋಗವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ನಿರ್ಮೂಲ ಮಾಡುವುದಿಲ್ಲ; ಆದುದರಿಂದ ಜೀವಮಾನವಿಡೀ, ದಿನ ತಪ್ಪದೆ ಸೇವಿಸಬೇಕು. ಉದಾಹರಣೆಗಾಗಿ ಡೊಂಬಿವಲಿಯ ಹೋಟೆಲೊಂದರಲ್ಲಿ ದಿನಕ್ಕೆ 600 ರೂಪಾಯಿ ಗಳಿಸುವ ಕೆಲಸಗಾರನನ್ನು ಕಲ್ಪಿಸಿಕೊಳ್ಳೋಣ. ಔಷಧಕ್ಕಾಗಿ ತಿಂಗಳಿಗೊಂದು ದಿನದ ಕೂಲಿ ಕಳೆದುಕೊಂಡು, ಪ್ರಯಾಣ ಮತ್ತು ಊಟಕ್ಕೆ 100 ರೂಪಾಯಿ ವ್ಯಯಿಸಿದರೆ, ವರ್ಷಕ್ಕೆ 8,400 ರೂಪಾಯಿಯಾಗುತ್ತದೆ. ಅವನಿಗೆ ಮೂರು ತಿಂಗಳ ಔಷಧವನ್ನು ಒಮ್ಮೆಗೇ ಕೊಟ್ಟರೆ ಅದು 2,800ಕ್ಕಿಳಿಯುತ್ತದೆ. ಔಷಧದ ಬೆಲೆ ಎರಡು ಸಂದರ್ಭಗಳಲ್ಲಿಯೂ ಶೂನ್ಯವೇ. ವ್ಯತ್ಯಾಸವಾದುದು ಹೋಗಿ ಬರುವ ಸಲದಲ್ಲಿ ಮಾತ್ರ.

ಈ ಲೆಕ್ಕದಲ್ಲಿ ಸೇರದ ಇನ್ನೊಂದು ವೆಚ್ಚವಿದೆ; ಅದು ಗೋಪ್ಯದ ವೆಚ್ಚ. ಠಾಣೆಯ ಮಹಾನಗರಪಾಲಿಕೆಗೆ ಕಳವಾದಲ್ಲಿ, ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ರುಕ್ಮಿಣಿಬಾಯಿ ಮತ್ತು ಶಾಸ್ತ್ರೀನಗರಗಳಲ್ಲಿ, ನವಿಮುಂಬಯಿ ಪಾಲಿಕೆಗೆ ವಾಶಿಯಲ್ಲಿ ಆಸ್ಪತ್ರೆಗಳಿವೆ. ಆದರೂ ಗುರುತಿನವರು ಕಂಡಾರೆಂಬ ಅಂಜಿಕೆಯುಳ್ಳವನಿಗೆ ಸಮೀಪದ ಆಸ್ಪತ್ರೆಯೇ ಎಲ್ಲಕ್ಕಿಂತ ದೂರದ್ದು. ಅವನು ಡೊಂಬಿವಲಿಯಿಂದ ಸುಮಾರು 48 ಕಿಲೋಮೀಟರ್ ದೂರದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಡೆಗೆ ರೈಲು ಹತ್ತುತ್ತಾನೆ; ಇಲ್ಲವೆ ಹಣ ತೆತ್ತು ಖಾಸಗಿ ವೈದ್ಯರಲ್ಲಿಗೆ ಹೋಗುತ್ತಾನೆ. ರಜೆಗೆ ಕಾರಣ ಹೇಳಲಾರದೆ ಸರದಿ ತಪ್ಪಿಸಿಕೊಂಡರೆ ಔಷಧ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ವೈರಾಣುವು ಔಷಧಕ್ಕೆ ಮಣಿಯದಂತಾಗಿ, ಬೇರೆಯ, ಹೆಚ್ಚು ದುಬಾರಿಯಾದ ಔಷಧಗಳು ಬೇಕಾಗುತ್ತವೆ. ಹೀಗೆ ಒಬ್ಬನ ಅಂಜಿಕೆ ಸರಕಾರದ ಬೊಕ್ಕಸಕ್ಕೂ ಹೊರೆಯಾಗುತ್ತದೆ.

ಈ ಅಂಜಿಕೆ ನಿರಾಧಾರವಾದುದಲ್ಲ. ಸೋಂಕಿನ ಕಾರಣದಿಂದ ಸಾರ್ವಜನಿಕ ಕ್ಷೇತ್ರದ ಸಂಸ್ಥೆಯೊಂದು ಕೆಲಸ ನಿರಾಕರಿಸಿದ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1997ರಲ್ಲಿಯೇ ನೌಕರನ ಪರವಾಗಿ ತೀರ್ಪಿತ್ತಿತು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಉದ್ಯೋಗ, ಚಿಕಿತ್ಸೆ, ಶಿಕ್ಷಣ, ವಸತಿಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಸೋಂಕಿನ ಸಂಗತಿಯನ್ನು ಬಯಲುಮಾಡುವಂತೆ ಸಾಮಾನ್ಯವಾಗಿ ಯಾರನ್ನೂ ಬಲವಂತಪಡಿಸಲಾಗದು. ಆದರೆ ಕಾನೂನನ್ನು ಅರಿಯದವನಿಗೆ ಅದರ ರಕ್ಷಣೆ ಸುಲಭವಾಗಿ ದಕ್ಕದು.

ಮುಂಬಯಿ ಪರಿಸರದ ಕನ್ನಡಿಗರಲ್ಲಿ ಹೋಟೆಲುಗಳ ಮಾಲಿಕರೂ ಇದ್ದಾರೆ, ಕೆಲಸಗಾರರೂ ಇದ್ದಾರೆ. ಕಚೇರಿಗಳಲ್ಲಿ ರಜೆ ಮಂಜೂರು ಮಾಡುವವರೂ ಇದ್ದಾರೆ. ಔಷಧದ ಬೆಲೆಯನ್ನು ಇಳಿಸಿದವರು ವಿಜ್ಞಾನಿಗಳು, ಉದ್ಯಮಿಗಳು ಮತ್ತು ಸರಕಾರ. ಉಳಿದಿರುವ ವೆಚ್ಚದ ಒಂದು ಪಾಲನ್ನು ಇಳಿಸುವುದು ನಮ್ಮ ಕೈಯಲ್ಲಿದೆ: ಕಾರಣ ಕೆದಕದೆ ತಿಂಗಳಿಗೊಂದು ದಿನದ ರಜೆ, ಗೊತ್ತಾದ ಗುಟ್ಟನ್ನು ಗುಟ್ಟಾಗಿಯೇ ಇಡುವ ಸೌಜನ್ಯ. ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ. ಉಳಿಯುವುದು ಒಂದು ಜೀವ.