ಸಿಇಟಿ ಅರ್ಜಿಗೆ ಯಾವ ಕಾಗದ ಬೇಕು, ಯಾವುದು ಬೇಡ?

ಭಾಷಣ, ರಂಗೋಲಿ, ಯೋಗ ಸ್ಪರ್ಧೆಯ ಸರ್ಟಿಫಿಕೇಟುಗಳನ್ನೆಲ್ಲ ಫೈಲಿಗೆ ಸೇರಿಸಿದರೆ ಸೀಟು ಹತ್ತಿರವಾಗುತ್ತದೆ ಎಂದುಕೊಂಡಿದ್ದರೆ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ವಿದ್ಯಾರ್ಥಿಗಳೇ, ಸ್ವಲ್ಪ ಕೇಳಿ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಶೇ. 50, ಸಿಇಟಿ ಅಂಕ ಶೇ. 50. ಬಹುಮಾನ ಪತ್ರಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ಸೀಟಿನ ಹಣೆಬರಹ ಬದಲಿಸುವ ಕಾಗದವೇ ಬೇರೆ. 1ರಿಂದ 10ನೇ ತರಗತಿಯವರೆಗೆ ಕರ್ನಾಟಕದ ಹಳ್ಳಿಯಲ್ಲೇ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5. ಮುಖ್ಯೋಪಾಧ್ಯಾಯರ ಸಹಿ, ಅದರ ಕೆಳಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬಿದ್ದ ವ್ಯಾಸಂಗ ಪ್ರಮಾಣಪತ್ರ ಇವೆರಡಕ್ಕೂ ಆಧಾರ. ನಿಪ್ಪಾಣಿ ಸುತ್ತಲಿನ ಹಳ್ಳಿಯ ಮರಾಠಿ ಶಾಲೆಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಯನ್ನಷ್ಟೇ ಕೇಳಬಹುದು; ನಿಪ್ಪಾಣಿ ಪಟ್ಟಣದೊಳಗೇ ಓದಿದ್ದರೆ ಅದೂ ಇಲ್ಲ. ಕಾಗವಾಡದಿಂದ ಗಡಿ ದಾಟಿ ಮಿರಜ್‌ನಲ್ಲಿ ಒಂದು ವರ್ಷ ಕಲಿತಿದ್ದರೂ ಗ್ರಾಮೀಣ ಮೀಸಲಾತಿಯ ಹತ್ತು ವರ್ಷದ ಲೆಕ್ಕ ತಪ್ಪುತ್ತದೆ.

ಹೆಚ್ಚಿಗೆ ಇಟ್ಟರೆ ನಷ್ಟವೇನು ಎಂದು ನೀವು ಕೇಳಬಹುದು. ಬೇಡದ ಕಾಗದ ಹುಡುಕುವ ಹೊತ್ತಿನಲ್ಲಿ ಬೇಕಾದ ಸಹಿ ಉಳಿದುಬಿಡುತ್ತದೆ, ನಷ್ಟ ಅದೇ. ಹಾಗಾದರೆ ಎನ್‌ಸಿಸಿ, ಕ್ರೀಡೆಗೆ ಬೆಲೆಯಿಲ್ಲವೇ? ಖಂಡಿತ ಇದೆ, ಆದರೆ ವಿಶೇಷ ಪ್ರವರ್ಗವನ್ನು ಅರ್ಜಿಯಲ್ಲೇ ಕೇಳಿರಬೇಕು, ಸರ್ಟಿಫಿಕೇಟ್ ನಿಗದಿತ ಮಟ್ಟದ್ದಾಗಿರಬೇಕು. ಇನ್ನು ಸಿಇಟಿಯಾಚೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಸಂದರ್ಶನವಿರುತ್ತದೆ. ನೀವು ನಿಜವಾಗಿ ಮಾಡಿದ ಒಂದು ಕೆಲಸವನ್ನು ಅಲ್ಲಿ ಬಾಯಿಬಿಟ್ಟು ವಿವರಿಸಿ, ಹತ್ತು ಪ್ರಮಾಣಪತ್ರಕ್ಕಿಂತ ಅದು ಮೇಲು. ಸಿಇಟಿ ಬರೆಯುವವರು ಮಾತ್ರ ಅರ್ಜಿ ತುಂಬುವ ಮೊದಲೇ ಶಾಲೆಗೆ ಹೋಗಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಎರಡೂ ಸಹಿ ಮಾಡಿಸಿಕೊಳ್ಳಿ.