ಮಕ್ಕಳು ನೋಡುವಂಥ ವೆಬ್‌ಸೈಟ್ ಕನ್ನಡದಲ್ಲಿ ಇವೆ. ಹುಡುಕಿದರೆ ಯಾಕೆ ಸಿಗಲ್ಲ?

ನಮ್ಮ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ಯಾದಗಿರಿ ಕಡೆಯ ಒಂದು ಕುಟುಂಬ ಇದೆ. ಅಪ್ಪ ಔಟರ್ ರಿಂಗ್ ರೋಡಿನ ಟೆಕ್ ಪಾರ್ಕಿಗೆ ಸ್ಟಾಫ್ ಕ್ಯಾಬ್ ಓಡಿಸ್ತಾರೆ, ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಹೋದ ತಿಂಗಳು ನೈಟ್ ಶಿಫ್ಟ್ ಮುಗಿಸಿ ಬಂದವರು ಗೇಟಿನ ಹತ್ರ ನನ್ನನ್ನ ನಿಲ್ಲಿಸಿದ್ರು. 'ಸರ್, ನಮ್ಮ ಹುಡುಗಿ ಬರೇ ರೀಲ್ಸ್ ನೋಡ್ಕೋತ ಕೂಡ್ತಾಳ್ರಿ. ಮನ್ಯಾಗ ಎಲ್ಲರೂ ಕೂಡಿ ನೋಡುವಂಥವು, ಅಕಿಗೂ ಉಪಯೋಗ ಆಗುವಂಥವು ನಾಕು ವೆಬ್‌ಸೈಟ್ ಬರದು ಕೊಡ್ರಿ. ನೀವು ಇಂಜಿನಿಯರ್ ಇದ್ದೀರಿ, ಮ್ಯಾಲ ಪತ್ರಕರ್ತರು.'

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಎರಡು ಸಂಜೆ ಹಿಡೀತು.

ಅವತ್ತು ಆ ಹುಡುಗಿಗೆ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ರು: 'ನೀವು ವಾಸವಿರುವ ಊರಿಗೆ ಆ ಹೆಸರು ಹೇಗೆ ಬಂತು?' ಒಳ್ಳೇ ಪ್ರಶ್ನೆ, ಅಲ್ಲಿಂದಲೇ ಶುರು ಮಾಡೋಣ ಅಂತ ಅವಳ ಅಪ್ಪನ ಫೋನಿನಲ್ಲೇ ಹುಡುಕಿದೆವು. ಮೇಲೆ ಬಂದವೆಲ್ಲಾ ಫ್ಲ್ಯಾಟ್ ಮಾರುವವರ, ಪಿಜಿ ಬಾಡಿಗೆಗೆ ಕೊಡುವವರ ಪುಟಗಳು. ಎಲ್ಲದರಲ್ಲೂ ಒಂದೇ ಕಥೆ: ಎಚ್‌ಎಎಲ್ ತಯಾರಿಸಿದ 'ಮಾರುತ್' ಯುದ್ಧವಿಮಾನದಿಂದ ಮಾರತ್ತಹಳ್ಳಿ ಅಂತ ಹೆಸರು ಬಂತಂತೆ. ಒಬ್ಬರದ್ದನ್ನ ಇನ್ನೊಬ್ಬರು ಇಳಿಸಿಕೊಂಡಿದ್ದಾರೆ ಅನ್ನೋದು ಕಾಗುಣಿತದ ತಪ್ಪು ನೋಡಿದ್ರೇ ಗೊತ್ತಾಗುತ್ತೆ. ಮೂರನೇ ಪುಟ ತೆರೆಯೋ ಹೊತ್ತಿಗೆ ಪರದೆಯ ಅರ್ಧಕ್ಕೆ ಲೋನ್ ಆ್ಯಪಿನ ಜಾಹೀರಾತು, ಅದನ್ನ ಮುಚ್ಚಲು ಹೋದರೆ ಇನ್ನೊಂದು.

ಮಾರುತ್ ವಿಮಾನ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಊರಿನ ಹೆಸರು ಅದಕ್ಕಿಂತ ಹಳೆಯದಾದರೆ ಕಥೆ ಬಿದ್ದುಹೋಗುತ್ತೆ. ಅದನ್ನ ಪತ್ತೆ ಮಾಡಿದ್ದು ವೆಬ್‌ಸೈಟಿನಿಂದಲ್ಲ; ಆ ಮಾತು ಆಮೇಲೆ ಹೇಳ್ತೀನಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳೋಣ. ಕನ್ನಡದಲ್ಲಿ ಮಕ್ಕಳಿಗೆ, ಮನೆಮಂದಿಗೆಲ್ಲಾ ಆಗುವಂಥ ಒಳ್ಳೆಯ ತಾಣಗಳು ಇಲ್ಲ ಅನ್ನೋದು ತಪ್ಪು. ಇವೆ. ಆದರೆ ಹುಡುಕಿದಾಗ ಕಾಣಿಸಲ್ಲ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ವೆಬ್‌ಸೈಟ್‌ಗಳ ಭಾಷೆ ಎಣಿಸುವ ಡಬ್ಲ್ಯು3ಟೆಕ್ಸ್ ಪಟ್ಟಿಯಲ್ಲಿ ಕನ್ನಡದ ಪಾಲು 0.1 ಶೇಕಡಾಗಿಂತ ಕಡಿಮೆ. ಇಷ್ಟು ಸಣ್ಣ ಪಾಲಿನಲ್ಲೂ ಚೆನ್ನಾಗಿರೋದು ತಳಕ್ಕೆ ಹೋಗೋಕೆ ಕಾರಣಗಳಿವೆ, ಮೊದಲನೆಯದು ಶುದ್ಧ ತಾಂತ್ರಿಕ.

ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ನಿಜವಾಗಿ ಕನ್ನಡವಲ್ಲ. ಪರದೆ ಮೇಲೆ 'ಕನ್ನಡ' ಅಂತ ಕಾಣುವ ಪದ ಫೈಲಿನೊಳಗೆ ಇಂಗ್ಲಿಷಿನ 'ಪಿ' ಅಕ್ಷರದಿಂದ ಶುರುವಾಗಿ, ತಲೆ ಮೇಲೆ ಗೆರೆ–ಚುಕ್ಕಿ ಇರುವ ಯುರೋಪಿನ ಅಕ್ಷರಗಳ ಸಾಲಾಗಿ ಕೂತಿರುತ್ತೆ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿಸಿರುತ್ತೆ ಅಷ್ಟೆ. ನಮ್ಮ ಕಣ್ಣಿಗೆ ವೇಷ ಕಾಣುತ್ತೆ, ಗೂಗಲ್ಲಿಗೆ ಒಳಗಿನ ಗೋಜಲು ಕಾಣುತ್ತೆ. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತು. ಆದರೆ ಅದಕ್ಕೂ ಮೊದಲು ತಯಾರಾದ ಎಷ್ಟೋ ಪಿಡಿಎಫ್‌ಗಳು, ಆಮೇಲೂ ಹಳೇ ಅಭ್ಯಾಸದಲ್ಲೇ ತಯಾರಾದ ಸರ್ಕಾರಿ ದಾಖಲೆಗಳು ಹಾಗೇ ಉಳಿದಿವೆ. ಇನ್ನು ಸ್ಕ್ಯಾನ್ ಮಾಡಿದ ಪುಸ್ತಕ ಅಂದ್ರೆ ಕಂಪ್ಯೂಟರಿಗೆ ಅದೊಂದು ಫೋಟೋ. ಕನ್ನಡದ ಒಳ್ಳೆಯ ಬರಹ ಬಹಳಷ್ಟು ಇರೋದು ಇಂಥ ಕಡೆಗಳಲ್ಲೇ. ಫ್ಲ್ಯಾಟ್ ಮಾರುವವನ ಪುಟ ಮಾತ್ರ ಅಚ್ಚುಕಟ್ಟಾದ ಯೂನಿಕೋಡಿನಲ್ಲಿರುತ್ತೆ, ಯಾಕಂದ್ರೆ ಅವನಿಗೆ ಕಾಣಿಸಿಕೊಳ್ಳಲೇಬೇಕಾದ ಜರೂರು ಇದೆ.

ಎರಡನೇ ಕಾರಣ ದುಡ್ಡು. ಉಚಿತ ಪುಟ ನಡೆಯೋದು ಜಾಹೀರಾತಿನಿಂದ, ಜಾಹೀರಾತಿಗೆ ಬೇಕಿರೋದು ಕ್ಲಿಕ್ಕು. ಆರನೇ ಕ್ಲಾಸಿನ ಹುಡುಗಿ ಒಂದು ಕಥೆ ಪೂರ್ತಿ ಓದಿ ಫೋನ್ ಕೆಳಗಿಟ್ಟರೆ ಯಾರಿಗೂ ಲಾಭ ಇಲ್ಲ. ಓದಿ ಮುಗಿಸದೆ ಮುಂದಿನದಕ್ಕೆ ಹಾರುತ್ತಾ ಇದ್ದರೆ ಲಾಭ.

'ಅದಕ್ಕೇ ಫಿಲ್ಟರ್ ಹಾಕಿ' ಅಂತ ಸಲಹೆ ಕೊಡೋರು ಇರ್ತಾರೆ. ಹಾಕಿ, ತಪ್ಪಿಲ್ಲ. ಗೂಗಲ್‌ನ ಸೇಫ್‌ಸರ್ಚ್ ಆನ್ ಮಾಡಿ. ಮನೆಯಲ್ಲಿ ವೈಫೈ ಇದ್ದರೆ ರೌಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಅಂತ ಹಾಕಿದರೆ, ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಉಚಿತವಾಗಿ ಕೊಡ್ತಿರೋ ಈ ಸೇವೆ ಅಶ್ಲೀಲ ಮತ್ತು ವೈರಸ್ ತಾಣಗಳನ್ನು ತಡೆಯುತ್ತೆ. ಆದರೆ ಫಿಲ್ಟರ್ ಅನ್ನೋದು ಕಾವಲುಗಾರ. ಯಾರು ಒಳಗೆ ಬರಬಾರದು ಅಂತ ಅವನಿಗೆ ಗೊತ್ತು, ಮನೆಯಲ್ಲಿ ಊಟಕ್ಕೆ ಏನಿದೆ ಅಂತ ಗೊತ್ತಿಲ್ಲ. ಅಷ್ಟೇ ಅಲ್ಲ, ಪದ ನೋಡಿ ತಡೆಯುವ ಫಿಲ್ಟರುಗಳು ಮುಟ್ಟು, ದೇಹದ ಬೆಳವಣಿಗೆ ಬಗ್ಗೆ ಇರುವ ಸಭ್ಯ ಮಾಹಿತಿಯನ್ನೂ ಒಮ್ಮೊಮ್ಮೆ ಮುಚ್ಚಿಬಿಡುತ್ತವೆ. ಹನ್ನೊಂದು ವರ್ಷದ ಹುಡುಗಿ ಇರುವ ಮನೆಗೆ ಅತ್ಯಗತ್ಯವಾದ 'ಫ್ಯಾಮಿಲಿ' ಮಾಹಿತಿ ಅದೇ ಅಲ್ವಾ? ಯಾವ ಫ್ಯಾಮಿಲಿಯನ್ನ ಮನಸ್ಸಲ್ಲಿಟ್ಟುಕೊಂಡು ಈ ಪಟ್ಟಿ ಮಾಡಿದ್ದಾರೆ ಅನ್ನೋ ಪ್ರಶ್ನೆ ಕೇಳಲೇಬೇಕು.

ಇನ್ನೂ ಒಂದು ತೊಡಕು ನನಗೆ ಹೊಳೆದದ್ದು ಆ ಫೋನ್ ಕೈಯಲ್ಲಿ ಹಿಡಿದಾಗಲೇ. ಮನೆಗೆ ಅದೊಂದೇ ಫೋನು. ಅಪ್ಪ ಬೆಳಗ್ಗೆ ಬಂದು ಮಲಗಿದಾಗ, ಶಾಲೆ ಇಲ್ಲದ ದಿನ, ಅದು ಮಗಳ ಕೈಗೆ ಬರುತ್ತೆ. ಖಾತೆ ಅಪ್ಪನದು, ವಯಸ್ಸು ಮೂವತ್ತೆಂಟು. ಯೂಟ್ಯೂಬಿಗೆ ಅಲ್ಲಿ ಮಗು ಇದೆ ಅಂತಲೇ ಗೊತ್ತಿಲ್ಲ. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಕಲೆಹಾಕಿದ ಆರೋಪಕ್ಕೆ ಗೂಗಲ್–ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡವು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್, 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಭಾಗ ಜಾರಿಗೆ 18 ತಿಂಗಳ ಕಾಲಾವಕಾಶ. ಜಾರಿಯಾದ ಮೇಲೂ, ಅಪ್ಪನ ಖಾತೆಯಲ್ಲಿ ಕೂತ ಮಗಳಿಗೆ ಈ ಕಾನೂನು ಹೇಗೆ ತಲುಪುತ್ತೆ? ಪ್ರತಿ ಮಗುವಿಗೂ ಒಂದು ಫೋನು, ಒಂದು ಖಾತೆ ಇರುತ್ತೆ ಅಂತ ಊಹಿಸಿಕೊಂಡು ಬರೆದ ಹಾಗಿದೆ.

ಸರಿ, ಕೊನೆಗೆ ನಾನು ಬರೆದುಕೊಟ್ಟ ಪಟ್ಟಿ.

ಮೊದಲನೆಯದು ಸ್ಟೋರಿವೀವರ್. ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ತಾಣ. ಕಥೆಗಳನ್ನು ಓದುವ ಸಾಮರ್ಥ್ಯಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ, ಭಾಷೆಯ ಜಾಗದಲ್ಲಿ ಕನ್ನಡ ಆರಿಸಿಕೊಂಡರೆ ಆಯ್ತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರೋದರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು ಹಂಚಿದರೂ ಕೇಳೋರಿಲ್ಲ. ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗುವ ಮನೆಯಲ್ಲಿ ಡೌನ್‌ಲೋಡ್ ಅನ್ನೋದು ದೊಡ್ಡ ವಿಷಯ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದುಂಟು. ಪಕ್ಕಪಕ್ಕ ಇಟ್ಟು ಓದಿದ್ರೆ ಟ್ಯೂಷನ್ ಉಳಿಯುತ್ತೆ.

ಎರಡನೆಯದು 'ಅಲರ್' ನಿಘಂಟು. ವಿ. ಕೃಷ್ಣ ಅನ್ನುವವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಪದಗಳು. 2019ರಲ್ಲಿ ಮುಕ್ತ ಪರವಾನಗಿಯಡಿ ವೆಬ್ಬಿಗೆ ಬಂತು. ಪುಟ ತೆರೆದರೆ ಒಂದು ಹುಡುಕು ಪೆಟ್ಟಿಗೆ, ಅಷ್ಟೆ. ಲಾಗಿನ್ ಇಲ್ಲ, ಜಾಹೀರಾತಿಲ್ಲ. ಇಡೀ ವೆಬ್ ಹೀಗಿದ್ದಿದ್ರೆ ಅನಿಸುತ್ತೆ.

ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟರೆ ಅದು ಬರುವ ವಚನಗಳೆಲ್ಲಾ ಎದುರಿಗೆ. ಮೇಲೆ ಹೇಳಿದ ಹಳೇ ಫಾಂಟಿನ ಗೋಜಲನ್ನು ಯೂನಿಕೋಡಿಗೆ ಇಳಿಸಿ, ಹುಡುಕಲು ಬರುವಂತೆ ಮಾಡಿದ ಸ್ವಯಂಸೇವಕರ ಕೆಲಸ ಇದು. ಹುಡುಗಿಯ ಅಮ್ಮನಿಗೆ ತುಂಬಾ ಇಷ್ಟವಾಗಿದ್ದು ಇದೇ. ಅವರು 'ಕಾಯಕ' ಅಂತ ಹುಡುಕಿ ಅರ್ಧ ಗಂಟೆ ಫೋನ್ ಬಿಡಲಿಲ್ಲ.

ಕನ್ನಡ ವಿಕಿಪೀಡಿಯ 2003ರದ್ದು, 30 ಸಾವಿರಕ್ಕೂ ಹೆಚ್ಚು ಲೇಖನ. ತಮಿಳಿನದು ಒಂದೂವರೆ ಲಕ್ಷ ದಾಟಿದೆ, ಭಾಷಾಭಿಮಾನದ ಸ್ಟೇಟಸ್ ಹಾಕುವ ಮೊದಲು ಇದನ್ನ ಒಂದು ಕ್ಷಣ ಯೋಚಿಸಿ. ಲೇಖನಗಳ ಗುಣಮಟ್ಟ ಏರುಪೇರು. ಕೆಳಗಿನ ಉಲ್ಲೇಖಗಳನ್ನು ನೋಡುವುದನ್ನು ಮಗುವಿಗೆ ಕಲಿಸಿಕೊಟ್ಟರೆ ಲೇಖನಕ್ಕಿಂತ ಅದೇ ಹೆಚ್ಚು ಉಪಯೋಗ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನುವ ಸಂಗ್ರಹದಡಿ ಸ್ಕ್ಯಾನ್ ಮಾಡಿಟ್ಟ ಕನ್ನಡ ಪುಸ್ತಕಗಳಿವೆ, ಆದರೆ ದೊಡ್ಡವರು ಪಕ್ಕದಲ್ಲಿ ಇರಬೇಕು, ಅದು ಸಮುದ್ರ. ಪಕ್ಷಿಗಳಿಗೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ 'ಅರ್ಲಿ ಬರ್ಡ್' ತಾಣ. ಮುನ್ನೇಕೊಳ್ಳಾಲ ಕೆರೆ ದಂಡೆಗೆ ಹೋಗುವಾಗ ಕೈಯಲ್ಲಿಟ್ಟುಕೊಳ್ಳಬಹುದು.

ಸ್ಥಳೀಯ ಇತಿಹಾಸಕ್ಕೆ ಮಿಥಿಕ್ ಸೊಸೈಟಿ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸಿ ಆನ್‌ಲೈನಿನಲ್ಲಿ ಹಾಕುತ್ತಿದೆ. ನಮ್ಮ ಮನೆಯಿಂದ ಎಚ್‌ಎಎಲ್ ಕಡೆ ಹೋದರೆ ವಿಭೂತಿಪುರ. ಅಲ್ಲಿ ಕೆರೆ ಕಟ್ಟಿಸಿದ ವಿಷಯ ಹೇಳುವ 1307ರ ಶಾಸನ ಇದೆ, ಹೊಯ್ಸಳ ಬಲ್ಲಾಳನ ಕಾಲದ್ದು, ಭಾಷೆ ತಮಿಳು. ಈ ಭಾಗದಲ್ಲಿ 'ಒಳಗಿನವರು, ಹೊರಗಿನವರು' ಅಂತ ಜಗಳ ಕೇಳಿದಾಗೆಲ್ಲ ನನಗೆ ಆ ಕಲ್ಲು ನೆನಪಾಗುತ್ತೆ.

ಸರ್ಕಾರಿ ತಾಣಗಳನ್ನು ಸೇರಿಸುವಾಗ ಸ್ವಲ್ಪ ಹಿಂದೆಮುಂದೆ ನೋಡಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಇದೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ 'ಕಣಜ' ಇದೆ. ಎರಡರಲ್ಲೂ ಸರಕು ಬೇಕಾದಷ್ಟಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ನೇರವಾಗಿ 'ದೀಕ್ಷಾ'ಕ್ಕೆ ಹೋಗಬಹುದು. ಹುಡುಕುವ ರಗಳೆಯೇ ಇಲ್ಲ, ಇದು ನಿಜಕ್ಕೂ ಜಾಣ ಉಪಾಯ. ಆದರೆ ಇದೇ ದೀಕ್ಷಾ ಆ್ಯಪ್ ಮಕ್ಕಳ ನಿಖರ ಸ್ಥಳದ ಮಾಹಿತಿಯನ್ನು ಸಂಗ್ರಹಿಸಬಲ್ಲದು ಅಂತ ಹ್ಯೂಮನ್ ರೈಟ್ಸ್ ವಾಚ್ 2022ರ ಮೇ ತಿಂಗಳ ವರದಿಯಲ್ಲಿ ಹೇಳಿತು. 2023ರ ಆರಂಭದಲ್ಲಿ ಅದರ ಬಳಕೆದಾರರ ವಿವರಗಳು ರಕ್ಷಣೆಯಿಲ್ಲದ ಸರ್ವರಿನಲ್ಲಿ ಬಯಲಾಗಿದ್ದು ಸುದ್ದಿಯಾಯಿತು. ಸರ್ಕಾರದ್ದು ಅಂದ ತಕ್ಷಣ ಕಣ್ಣುಮುಚ್ಚಿ ಲೊಕೇಶನ್ ಅನುಮತಿ ಕೊಡಬೇಡಿ. ಕಥೆ ಓದೋಕೆ ನಾನಿರೋ ಜಾಗ ಯಾಕೆ ಬೇಕು ಅಂತ ಮಗುವೇ ಕೇಳುವ ಹಾಗಾಗಲಿ.

ಪಟ್ಟಿಯ ಹಿಂದಿನ ಪುಟದಲ್ಲಿ ಹುಡುಗಿಗೆ ವಿಳಾಸ ಓದುವುದನ್ನ ಬರೆದುಕೊಟ್ಟೆ. ಮೇಲಿನ ಪಟ್ಟಿಯಲ್ಲಿ ಮೊದಲ ಅಡ್ಡಗೆರೆ ಎಲ್ಲಿ ಬರುತ್ತೋ ಅದರ ಹಿಂದಿನ ಎರಡು ಮೂರು ಪದಗಳೇ ನಿಜವಾದ ಮಾಲೀಕ. 'ಡಾಟ್ ಗವ್ ಡಾಟ್ ಇನ್' ಸರ್ಕಾರಕ್ಕೆ ಮಾತ್ರ ಸಿಗುತ್ತೆ, ಆದರೆ ಅದು ವಿಳಾಸದ ನಡುವೆ ಎಲ್ಲೋ ಇದ್ದರೆ ನಂಬಬಾರದು, ಅಡ್ಡಗೆರೆಗೆ ಅಂಟಿಕೊಂಡೇ ಇರಬೇಕು. 'ಡಾಟ್ ಆರ್ಗ್' ಯಾರು ಬೇಕಾದ್ರೂ ಕೊಳ್ಳಬಹುದು. ಆಮೇಲೆ 'ನಮ್ಮ ಬಗ್ಗೆ' ಪುಟ ತೆರೆದು, ನಡೆಸುವವರು ಯಾರು, ದುಡ್ಡು ಎಲ್ಲಿಂದ ಅಂತ ನೋಡಬೇಕು. ಏನೂ ಬರೆದಿಲ್ಲ ಅಂದ್ರೆ ವಾಪಸ್ ಬರಬೇಕು. ಅವಳು ಇದನ್ನ ಒಂದು ಆಟ ಮಾಡ್ಕೊಂಡಿದ್ದಾಳೆ, ಬ್ಯಾಂಕಿನ ಹೆಸರಲ್ಲಿ ಅಪ್ಪನಿಗೆ ಬಂದ ಒಂದು ಮೆಸೇಜಿನ ಲಿಂಕು ಖೋಟಾ ಅಂತ ಮೊನ್ನೆ ಅವಳೇ ಹಿಡಿದಳಂತೆ.

ಹೋಂವರ್ಕ್ ಮುಗಿಸಿದ್ದು ಹೀಗೆ. ಬಿಲ್ಡಿಂಗ್ ಓನರಿನ ಅಮ್ಮ ಊರಿನ ಹಳಬರು, ಸಂಜೆ ಹೊತ್ತು ಜಗಲಿ ಮೇಲೆ ಕೂತಿರ್ತಾರೆ. ಹುಡುಗಿ ನೋಟ್ಸ್ ಹಿಡಿದು ಹೋಗಿ ಕೇಳಿದಳು. 'ನಾನು ಮದ್ವೆಯಾಗಿ ಬಂದಾಗ ಇಲ್ಲಿ ಕರೆಂಟೇ ಇರ್ಲಿಲ್ಲ ಕಣವ್ವ. ಆಗ್ಲೂ ಇದು ಮಾರತ್ತಳ್ಳಿನೇ. ನಮ್ ದೊಡ್ಡೋನು ಹುಟ್ಟಿದ್ದು ಐವತ್ತೆಂಟ್ರಲ್ಲಿ, ಲೆಕ್ಕ ಹಾಕ್ಕೋ.' ಅವಳು ಹಾಕಿದಳು. 1961ರಿಂದ 1958 ಕಳೆದು, ವಿಮಾನದ ಕಥೆ ಸರಿಯಿಲ್ಲ, ನಿಜವಾದ ಕಾರಣ ಇನ್ನೂ ಸಿಕ್ಕಿಲ್ಲ ಅಂತ ಬರೆದಳು. ಪಕ್ಕದಲ್ಲಿ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿರುವ ಮಾರುತ್ ವಿಮಾನದ ಚಿತ್ರವನ್ನೂ ಬಿಡಿಸಿದ್ದಾಳೆ, ಅದನ್ನ ಬಿಡೋಕೆ ಮನಸ್ಸಾಗಲಿಲ್ಲವಂತೆ.

ಮೊನ್ನೆ ಅವರ ಮನೆಗೆ ಹೋದಾಗ ಪಟ್ಟಿ ಅಕ್ಕಿ ಡಬ್ಬದ ಮೇಲಿನ ಗೋಡೆಗೆ ಅಂಟಿಸಿತ್ತು. ಕಣಜದ ಎದುರಿಗೆ ಪೆನ್ಸಿಲಿನಲ್ಲಿ 'ತೆರೆಯಲಿಲ್ಲ' ಅಂತ ಬರೆದಿದ್ದಳು. ನಾನು ಕೊಟ್ಟದ್ದು ಹಳೇ ವಿಳಾಸ. ಅದನ್ನ ಹೊಡೆದು ಹಾಕಿ ಇಲಾಖೆಯ ಹೊಸ ವಿಳಾಸ ಬರೆದು ಬಂದೆ.