ಕನಸನ್ನು ನೆನಪಿಡುವುದು ಹೇಗೆ, ಹೇಳುವುದು ಯಾರಿಗೆ?



ಒಂದು ಜುಮಾ ಬಳಿಕ ತಂದೆಯೊಬ್ಬರು ನಮ್ಮ ಬಳಿಗೆ ಬಂದರು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರಿಗೆ ಕನಸು ಬಿತ್ತು. ಮೊದಲ ದಿನ ಹೇಳಿದ್ದು ಮುಚ್ಚಿದ ಬಾಗಿಲೊಂದನ್ನು ಮಾತ್ರ. ವಾರದೊಳಗೆ ಆ ಬಾಗಿಲ ಹಿಂದೆ ಹಾವು ಬಂತು, ಅಳು ಕೇಳಿಸಿತು. "ಉಸ್ತಾದ್, ಈ ಮದುವೆ ಬಿಟ್ಟುಬಿಡಬೇಕೇ?" ಎಂದು ಅವರು ಕೇಳಿದರು.

ಹಿರಿಯರು ಬೇಕೆಂದು ಸುಳ್ಳು ಹೇಳಿರಲಿಲ್ಲ. ಕನಸು ಮರೆತುಹೋದ ಕಡೆಯಲ್ಲಿ ಭಯ ತುಂಬಿಕೊಂಡಿತ್ತು.

ಕನಸು ಏಕೆ ಬೇಗ ಮರೆಯುತ್ತದೆ? ನಿದ್ರೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಚಲಿಸುವ ಹಂತವೊಂದಿದೆ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಕಟಿಸಿದರು. ಸ್ಪಷ್ಟ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ರಾತ್ರಿಯ ಕೊನೆಯ ಭಾಗದಲ್ಲಿ ಈ ಹಂತ ದೀರ್ಘವಾಗುತ್ತದೆ. ಹಾಗಾಗಿ ಸುಬಹಿಗೆ ಏಳುವವರಿಗೆ ಕನಸು ನೆನಪಿನಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಎದ್ದೊಡನೆ ಮನಸ್ಸು ಬೇರೆಡೆ ಹೊರಳಿದರೆ ಅದು ಅಳಿಸಿಹೋಗುತ್ತದೆ.

ನೆನಪಿಡಬೇಕೆನ್ನುವವರು ಇಶಾ ಬಳಿಕ ತಡಮಾಡದೆ ಮಲಗಲಿ. ಎಚ್ಚರವಾದಾಗ ಮೊಬೈಲ್ ಮುಟ್ಟದೆ, ಕ್ಷಣಕಾಲ ಅಲುಗಾಡದೆ, ಕಂಡದ್ದನ್ನು ಕೊನೆಯಿಂದ ಹಿಂದಕ್ಕೆ ನೆನೆಯಲಿ. ಬಳಿಕ ಎರಡು ಸಾಲು ಬರೆದಿಡಲಿ. ಕಂಡಷ್ಟನ್ನೇ ಬರೆಯಬೇಕು, ಮರೆತದ್ದನ್ನು ಖಾಲಿ ಬಿಡಬೇಕು. ಕಾಣದ ಕನಸನ್ನು ಕಂಡೆನೆಂದು ಹೇಳಿದವನಿಗೆ ಎರಡು ಜವೆಗೋಧಿ ಕಾಳುಗಳನ್ನು ಗಂಟು ಹಾಕುವ ಅಸಾಧ್ಯ ಕೆಲಸ ವಹಿಸಲಾಗುವುದೆಂಬ ಎಚ್ಚರಿಕೆ ಬುಖಾರಿಯ ಹದೀಸಿನಲ್ಲಿದೆ.

ನಮ್ಮ ಯುವಕರು ಇನ್ನೊಂದು ಪ್ರಶ್ನೆ ತರುತ್ತಾರೆ: 'ಲೂಸಿಡ್ ಡ್ರೀಮ್'. ಅಂದರೆ ಕನಸಿನೊಳಗೇ ಇದು ಕನಸೆಂದು ತಿಳಿಯುವುದು. ಇದು ಮಾಟವಲ್ಲ. ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ನಡೆಸಿದ ಪ್ರಯೋಗಗಳಲ್ಲಿ, ನಿದ್ರಿಸುತ್ತಿದ್ದವರು ಮೊದಲೇ ಒಪ್ಪಿಕೊಂಡಂತೆ ಕಣ್ಣು ಚಲಿಸಿ ಸಂಕೇತ ಕೊಟ್ಟರು. "ಕನಸು ಬಿದ್ದರೆ ಗುರುತಿಸುವೆನು" ಎಂದು ಸಂಕಲ್ಪಿಸಿ ಮಲಗುವುದು ಇದರ ಒಂದು ಅಭ್ಯಾಸ. ಅಷ್ಟರಲ್ಲಿ ಹಾನಿ ಕಾಣುವುದಿಲ್ಲ. ಆದರೆ ಅಲಾರಂ ಇಟ್ಟು ಮತ್ತೆ ಮತ್ತೆ ಏಳುವ ಚಟ ಬೇಡ. ನಿದ್ರೆ ಕೆಡುತ್ತದೆ, ಸುಬಹಿ ತಪ್ಪುತ್ತದೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಪ್ರವಾದಿ(ಸ)ರು ಕನಸುಗಳಲ್ಲಿ ಮೂರು ಬಗೆಗಳನ್ನು ತಿಳಿಸಿದ್ದಾರೆ: ಅಲ್ಲಾಹನ ಶುಭವಾರ್ತೆ, ಶೈತಾನನು ತರುವ ದುಃಖ, ಮನಸ್ಸಿನ ಸ್ವಂತ ಮಾತು. ಒಳ್ಳೆಯದನ್ನು ಕಂಡರೆ ಅಲ್ಲಾಹನನ್ನು ಸ್ತುತಿಸಿ, ನಿಮ್ಮನ್ನು ಪ್ರೀತಿಸುವವರಿಗೆ ಮಾತ್ರ ಹೇಳಿ. ಯಾಕೂಬ್(ಅ)ರು ಪುಟ್ಟ ಯೂಸುಫ್(ಅ)ರಿಗೆ ಕನಸನ್ನು ಅಣ್ಣಂದಿರಿಗೆ ಹೇಳಬೇಡವೆಂದದ್ದು ನೆನಪಿರಲಿ. ಕೆಟ್ಟದ್ದನ್ನು ಕಂಡರೆ ಎಡಕ್ಕೆ ಮೂರು ಬಾರಿ ಮೆಲ್ಲಗೆ ಉಗುಳಿದಂತೆ ಊದಿ, ಅಲ್ಲಾಹನ ಅಭಯ ಯಾಚಿಸಿ, ಮಗ್ಗುಲು ಬದಲಿಸಿ. ಯಾರಿಗೂ ಹೇಳಬೇಡಿ. ಅದು ನಿಮಗೆ ಹಾನಿ ಮಾಡದು.

ನಾವು ಆ ತಂದೆಗೂ ಇದನ್ನೇ ಹೇಳಿದೆವು. ಹುಡುಗನ ದೀನ್, ನಡತೆ, ದುಡಿಮೆ ವಿಚಾರಿಸಿ, ಮಗಳ ಒಪ್ಪಿಗೆ ಕೇಳಿ, ಇಸ್ತಿಖಾರ ನಮಾಝ್ ಮಾಡಿ ಎಂದೆವು. ಇಸ್ತಿಖಾರದ ಬಳಿಕ ಕನಸು ಬೀಳಲೇಬೇಕೆಂದಿಲ್ಲ. ನಿಕಾಹ್ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಆ ಹಿರಿಯರೇ ಮುಂದಿನ ಸಾಲಿನಲ್ಲಿ ಕುಳಿತು ದುಆಕ್ಕೆ ಆಮೀನ್ ಹೇಳಿದರು.